ಐಸ್ ಮೇಲೆ ಹಿಂದಿನಿಂದ ಟ್ರಕ್ ಗುದ್ದಿದಾಗ

ಜನವರಿಯ ಒಂದು ರಾತ್ರಿ ಎಂಟು ಗಂಟೆ ಹೊತ್ತಿಗೆ ನಾವು ಮೂವರೂ ಮೆಸ್ ಕ್ಯೂನಲ್ಲಿ ತಟ್ಟೆ ಹಿಡಿದು ನಿಂತಿದ್ದೆವು. ನಮ್ಮ ರೂಮ್‌ಮೇಟ್‌ಗೆ ಅವನ ಅಕ್ಕನಿಂದ ಫೋನ್ ಬಂತು. ಅಕ್ಕ ಇರೋದು ಅಮೆರಿಕದ ಮಿಷಿಗನ್‌ನಲ್ಲಿ. ಎಂ.ಎಸ್. ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿದೆ. ಅಲ್ಲಿ ಆಗ ಬೆಳಿಗ್ಗೆ ಒಂಬತ್ತೂವರೆ, ಆಫೀಸಿನಲ್ಲಿ ಇರಬೇಕಾದ ಹೊತ್ತು. "ಏನಿಲ್ಲ ಕಣೋ, ಕಾರಿಗೆ ಹಿಂದಿನಿಂದ ಟ್ರಕ್ ಗುದ್ದಿಬಿಡ್ತು. ನಾನು ಆರಾಮಿದೀನಿ. ಅಮ್ಮಂಗೆ ಹೇಳ್ಬೇಡ" ಅಂದರು. ಆಮೇಲೆ ಒಂದು ಫೋಟೊ ಬಂತು. ಕಾರಿನ ಹಿಂಭಾಗ ಅನ್ನೋದೇ ಇರಲಿಲ್ಲ. ಲಗೇಜ್ ಇಡುವ ಜಾಗ ಮಡಚಿಕೊಂಡು ಹಿಂದಿನ ಸೀಟಿನ ಬೆನ್ನಿಗೆ ಅಂಟಿತ್ತು. ಅದರ ಮೇಲೆ ಸಕ್ಕರೆ ಚೆಲ್ಲಿದ ಹಾಗೆ ಗಾಜಿನ ಚೂರು.

ತಿಪಟೂರಿನಲ್ಲಿರುವ ಅವರ ಅಮ್ಮನಿಗೆ "ಕಾರು ಸರ್ವೀಸಿಗೆ ಬಿಟ್ಟಿದೀನಿ" ಅಂತಷ್ಟೇ ಹೇಳಿದ್ದಾಯಿತು. ಹಾಸ್ಟೆಲ್‌ನಲ್ಲಿ ಫೋಟೊ ನೋಡಿದವರೆಲ್ಲ "ದೇವರು ದೊಡ್ಡವನು" ಅಂದರು. ನಾವೂ ಅಂದೆವು. ಆದರೆ ರೂಮ್‌ಮೇಟ್ ರಾತ್ರಿ ಒಂದು ಗಂಟೆಗೆ ಎದ್ದು ಕೂತು, "ದೇವರು ಸರಿ, ಆದ್ರೆ ಲೆಕ್ಕ ಏನು? ಅಷ್ಟು ದೊಡ್ಡ ಟ್ರಕ್ ಗುದ್ದಿದ್ರೂ ಅಕ್ಕ ಹೇಗೆ ಉಳಿದ್ಲು? ಮುಂದಿನ ವಾರ ಅವಳು ಮತ್ತೆ ಅದೇ ರೋಡಲ್ಲಿ ಹೋಗ್ಬೇಕು" ಅಂದ. ಆ ಪ್ರಶ್ನೆಗೆ ನಾವು ಹುಡುಕಿಕೊಂಡ ಉತ್ತರವೇ ಈ ಲೇಖನ. ನಮ್ಮ ಕ್ಲಬ್ಬಿನ ಇಬ್ಬರು ಸೀನಿಯರ್‌ಗಳಿಗೆ ಈ ಆಗಸ್ಟಿಗೆ ಹಿಮ ಬೀಳುವ ಊರುಗಳಲ್ಲಿ ಅಡ್ಮಿಶನ್ ಸಿಕ್ಕಿದೆ. ಅವರು ಇದನ್ನು ಓದಲೇಬೇಕು ಅನ್ನೋದು ನಮ್ಮ ಹಟ. ಫಸ್ಟ್ ಇಯರ್ ಫಿಸಿಕ್ಸ್ ಗೊತ್ತಿದ್ದರೆ ಸಾಕು, ಅದಕ್ಕಿಂತ ಮೇಲಿನದು ನಮಗೂ ಗೊತ್ತಿಲ್ಲ.

ಮೊದಲು ಅಕ್ಕ ಹೇಳಿದ ಕತೆ. ಬೆಳಿಗ್ಗೆ ಏಳೂವರೆ, ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಹಿಂದಿನ ರಾತ್ರಿ ತುಂತುರು ಮಳೆ ಬಿದ್ದು ಹೆಪ್ಪುಗಟ್ಟಿತ್ತು. ಹೈವೇಯಲ್ಲಿ ದೂರದಲ್ಲಿ ಕೆಂಪು ದೀಪಗಳ ಸಾಲು ಕಾಣಿಸಿತು, ಅಂದರೆ ಮುಂದೆ ಗಾಡಿಗಳು ನಿಂತಿವೆ. ಅಕ್ಕ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಬ್ರೇಕನ್ನು ಮೆಲ್ಲಗೆ ಮುಟ್ಟುತ್ತಾ, ಹಜಾರ್ಡ್ ಲೈಟ್ ಹಾಕಿಕೊಂಡು 40ರ ಆಸುಪಾಸಿಗೆ ಇಳಿದಿದ್ದರು. ಕನ್ನಡಿ ನೋಡಿದರೆ ಟ್ರಕ್ಕಿನ ಹೆಡ್‌ಲೈಟ್ ದೊಡ್ಡದಾಗುತ್ತಾ ಬರುತ್ತಿದೆ. ಡ್ರೈವರ್ ಹಾರ್ನ್ ಒತ್ತಿ ಹಿಡಿದಿದ್ದರಂತೆ. "ನಿಲ್ಸಕ್ಕಾಗ್ತಿಲ್ಲ ಅಂತ ಹೇಳ್ತಿದ್ದಾರೆ ಅಂತ ಗೊತ್ತಾಯ್ತು" ಅಂದರು ಅಕ್ಕ. ಬ್ರೇಕ್ ಬಿಟ್ಟರು, ಸ್ಟೀರಿಂಗ್ ಸ್ವಲ್ಪ ಬಲಕ್ಕೆ ತಿರುಗಿಸಿದರು, ತಲೆಯನ್ನು ಹೆಡ್‌ರೆಸ್ಟಿಗೆ ಒತ್ತಿ ಕೂತರು. ಗುದ್ದಿತು. ಕಾರು ರಸ್ತೆಯ ಬಲ ಅಂಚು ದಾಟಿ, ಗುಡ್ಡೆ ಹಾಕಿದ್ದ ಹಿಮದೊಳಗೆ ನುಗ್ಗಿ ನಿಂತಿತು.

ಇದರಲ್ಲಿ ಪ್ರತಿಯೊಂದು ಹೆಜ್ಜೆಗೂ ಒಂದು ಲೆಕ್ಕ ಇದೆ. ಟ್ರಕ್ ಯಾಕೆ ನಿಲ್ಲಲಿಲ್ಲ ಅನ್ನೋದರಿಂದ ಶುರು ಮಾಡೋಣ.

ಗಾಡಿಯನ್ನು ನಿಲ್ಲಿಸೋದು ಬ್ರೇಕ್ ಅಲ್ಲ. ಬ್ರೇಕ್ ನಿಲ್ಲಿಸೋದು ಚಕ್ರವನ್ನು. ಗಾಡಿಯನ್ನು ನಿಲ್ಲಿಸೋದು ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ. ಒಣಗಿದ ಡಾಂಬರಿನ ಮೇಲೆ ಘರ್ಷಣಾ ಗುಣಾಂಕ, ಅಂದರೆ ನಮ್ಮ ಹಳೇ ದೋಸ್ತ್ ಮ್ಯೂ, ಸುಮಾರು 0.7 ಇರುತ್ತದೆ. ಮಳೆಯಲ್ಲಿ ಅರ್ಧಕ್ಕೆ ಹತ್ತಿರ. ತುಳಿದು ಗಟ್ಟಿಯಾದ ಹಿಮದ ಮೇಲೆ 0.2ರಿಂದ 0.3. ಐಸ್ ಮೇಲೆ ಸುಮಾರು 0.1. ಐಸ್ ಮೇಲೆ ನೀರಿನ ಪದರ ಇದ್ದರೆ ಅದಕ್ಕಿಂತಲೂ ಕಡಿಮೆ. ಹಾಗಾಗಿ ಸೊನ್ನೆ ಡಿಗ್ರಿ ಹತ್ತಿರದ ಐಸು ಮೈನಸ್ 15ರ ಐಸಿಗಿಂತ ಹೆಚ್ಚು ಜಾರುತ್ತದೆ. "ಇವತ್ತು ಅಷ್ಟೇನೂ ಚಳಿ ಇಲ್ಲ" ಅನ್ನಿಸಿದ ದಿನವೇ ಹುಷಾರಾಗಿರಬೇಕು.

ನಿಲ್ಲಲು ಬೇಕಾಗುವ ದೂರದ ಸೂತ್ರ ನಿಮಗೆ ಗೊತ್ತೇ ಇದೆ. ವೇಗದ ವರ್ಗವನ್ನು ಎರಡು, ಮ್ಯೂ, ಗುರುತ್ವ ಈ ಮೂರರ ಗುಣಲಬ್ಧದಿಂದ ಭಾಗಿಸಬೇಕು. ಗಂಟೆಗೆ 90 ಕಿ.ಮೀ. ಅಂದರೆ ಸೆಕೆಂಡಿಗೆ 25 ಮೀಟರ್. ಒಣ ರಸ್ತೆಯಲ್ಲಿ 46 ಮೀಟರ್ ಬರುತ್ತದೆ. ಐಸ್ ಮೇಲೆ 319 ಮೀಟರ್. ಮೂರು ಫುಟ್‌ಬಾಲ್ ಮೈದಾನಗಳನ್ನು ಉದ್ದಕ್ಕೆ ಸಾಲಾಗಿ ಇಟ್ಟಷ್ಟು ದೂರ, ಬ್ರೇಕ್ ಒತ್ತಿಕೊಂಡೇ. ನೋಡಿ, ಯೋಚಿಸಿ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಕಳೆದ ಮೂವತ್ತು ನಲವತ್ತು ಮೀಟರ್ ಇದರಲ್ಲಿ ಸೇರಿಲ್ಲ.

ಸೂತ್ರದಲ್ಲಿ ದ್ರವ್ಯರಾಶಿ ಇಲ್ಲ, ಗಮನಿಸಿದಿರಾ? ಕಾಗದದ ಮೇಲೆ ಕಾರೂ ಟ್ರಕ್ಕೂ ಒಂದೇ ದೂರದಲ್ಲಿ ನಿಲ್ಲಬೇಕು. ನಿಜದಲ್ಲಿ ಟ್ರಕ್ ಇನ್ನೂ ಮುಂದೆ ಹೋಗಿ ನಿಲ್ಲುತ್ತದೆ. ಅದರ ಟೈರಿನ ರಬ್ಬರ್ ಬಾಳಿಕೆಗಾಗಿ ಗಟ್ಟಿಯಾಗಿರುತ್ತದೆ, ಏರ್ ಬ್ರೇಕಿನಲ್ಲಿ ಗಾಳಿ ಪೈಪಿನುದ್ದಕ್ಕೂ ಓಡಿ ಚಕ್ರಕ್ಕೆ ತಲುಪಲು ಒಂದಿಷ್ಟು ಸಮಯ ಬೇಕು. ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಟ್ರೇಲರ್ ಮುಂದಿನ ಎಂಜಿನ್ ಭಾಗವನ್ನು ತಳ್ಳಿ ಚಾಕುವಿನ ಹಾಗೆ ಮಡಚಿಕೊಳ್ಳುವ ಭಯ ಬೇರೆ.

ಈಗ ಆ ಡ್ರೈವರ್ ಜಾಗದಲ್ಲಿ ಕೂತು ನೋಡಿ. 90ರಲ್ಲಿ ಬರುತ್ತಿದ್ದಾರೆ, ಮುಂದೆ ನಿಧಾನವಾದ ಕಾರು ಕಂಡಿತು, ಬ್ರೇಕ್ ಒತ್ತಿದರು. 115 ಮೀಟರ್ ಬ್ರೇಕ್ ಒತ್ತಿಕೊಂಡೇ ಬಂದ ಮೇಲೂ ಟ್ರಕ್ಕಿನ ವೇಗ ಎಷ್ಟು? 72. ಇಷ್ಟು ದೂರದಲ್ಲಿ ಒಣ ರಸ್ತೆಯಾಗಿದ್ದರೆ ಎರಡು ಸಲ ನಿಂತು ಬರಬಹುದಿತ್ತು. ಈ ಲೆಕ್ಕ ಬರೋವರೆಗೆ ನಾವು ಮೂವರೂ ಆ ಡ್ರೈವರ್‌ಗೆ ಬೈಯುತ್ತಿದ್ದೆವು. ಆಮೇಲೆ ಬೈಯುವುದಾದರೆ 90ರಲ್ಲಿ ಬಂದಿದ್ದಕ್ಕೆ ಬೈಯಬೇಕು, ಬ್ರೇಕ್ ಹಾಕಲಿಲ್ಲ ಅಂತಲ್ಲ ಅನ್ನಿಸಿತು. ಐಸ್ ಮೇಲೆ ತಪ್ಪು ನಡೆಯುವುದು ಡಿಕ್ಕಿಗೆ ಎಷ್ಟೋ ಮೊದಲು.

ಇದು ಒಬ್ಬಿಬ್ಬರ ಕತೆ ಅಲ್ಲ ಅನ್ನೋದಕ್ಕೆ ಟೆಕ್ಸಾಸ್‌ನ ಫೋರ್ಟ್ ವರ್ತ್ ನಗರದಲ್ಲಿ 2021ರ ಫೆಬ್ರವರಿ 11ರಂದು ನಡೆದದ್ದನ್ನು ನೋಡಬಹುದು. ಬೆಳಿಗ್ಗೆ ಆರು ಗಂಟೆ ಹೊತ್ತು, ಇಂಟರ್‌ಸ್ಟೇಟ್ 35 ಪಶ್ಚಿಮ ಹೆದ್ದಾರಿಯ ಟೋಲ್ ಲೇನ್‌ಗಳು. ಎರಡೂ ಬದಿ ಕಾಂಕ್ರೀಟ್ ತಡೆಗೋಡೆ. ರಸ್ತೆಯ ಆ ಭಾಗ ನೆಲದಿಂದ ಮೇಲಕ್ಕೆ ಎತ್ತರಿಸಿದ್ದು. ಸೇತುವೆಯಂಥ ರಸ್ತೆಗೆ ಕೆಳಗಿನಿಂದಲೂ ತಣ್ಣನೆ ಗಾಳಿ ಬಡಿಯುತ್ತದೆ, ಮಣ್ಣಿನ ಬಿಸಿ ಸಿಗುವುದಿಲ್ಲ, ಹಾಗಾಗಿ ಉಳಿದ ರಸ್ತೆಗಿಂತ ಮೊದಲೇ ಅದು ಹೆಪ್ಪುಗಟ್ಟುತ್ತದೆ. ಬಿದ್ದ ಮಳೆ ನೀರು ತೆಳುವಾದ ಐಸಾಯಿತು. ಅದಕ್ಕೆ ಬಣ್ಣ ಇಲ್ಲ. ಕೆಳಗಿನ ಕಪ್ಪು ರಸ್ತೆಯೇ ಕಾಣುತ್ತದೆ, ಅದಕ್ಕೇ ಬ್ಲ್ಯಾಕ್ ಐಸ್ ಅನ್ನೋ ಹೆಸರು. ಮೊದಲು ಒಂದೆರಡು ಗಾಡಿ ಜಾರಿದವು, ಹಿಂದಿನವು ಬಂದು ಗುದ್ದಿದವು, ಅವುಗಳ ಹಿಂದಿನವು ಅವಕ್ಕೆ. ಕೊನೆಗೆ ಸುಮಾರು 130 ಗಾಡಿ, 6 ಜನರ ಸಾವು. ಬೇಗ ಕೆಲಸಕ್ಕೆ ಹೊರಟಿದ್ದ ಆಸ್ಪತ್ರೆ ಸಿಬ್ಬಂದಿಯೂ ಅಲ್ಲಿ ಸಿಕ್ಕಿಕೊಂಡಿದ್ದರು. ದೊಡ್ಡ ಟ್ರಕ್ಕೊಂದು ಚಕ್ರ ನಿಲ್ಲಿಸಿಕೊಂಡೇ ಜಾರಿ ಬಂದು ನಿಂತ ಗಾಡಿಗಳನ್ನು ಅಪ್ಪಳಿಸುವ ವಿಡಿಯೊ ಆಗ ಎಲ್ಲ ಕಡೆ ಹರಿದಾಡಿತು. ನಾವು ಒಂದು ಸಲ ನೋಡಿ ಬಿಟ್ಟೆವು, ರೂಮ್‌ಮೇಟ್ ಮಾತ್ರ ನೋಡಲಿಲ್ಲ.

ಆ ರಸ್ತೆಯ ವೇಗದ ಮಿತಿ ಗಂಟೆಗೆ 75 ಮೈಲಿ, ಅಂದರೆ 120 ಕಿ.ಮೀ. ಮೇಲಿನ ಸೂತ್ರಕ್ಕೆ ಹಾಕಿ ನೋಡಿ, ಐಸ್ ಮೇಲೆ ನಿಲ್ಲಲು ಅರ್ಧ ಕಿಲೋಮೀಟರಿಗಿಂತ ಹೆಚ್ಚು ಬೇಕು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ನಡೆಸಿ, ಎತ್ತರಿಸಿದ ಭಾಗದಲ್ಲಿ ಐಸ್ ಕಟ್ಟಿದ್ದು ಸಮಯಕ್ಕೆ ಪತ್ತೆಯಾಗದೇ ಹೋಗಿದ್ದನ್ನೂ, ಹವಾಮಾನಕ್ಕೆ ತಕ್ಕದ್ದಲ್ಲದ ವೇಗವನ್ನೂ ಎತ್ತಿ ಹೇಳಿತು. ಎರಡು ದಿನ ಮೊದಲು ಆ ರಸ್ತೆಗೆ ಉಪ್ಪುನೀರು ಸಿಂಪಡಿಸಿದ್ದರು. ಕೆಮಿಸ್ಟ್ರಿ ಸೈಕಲ್‌ನವರಿಗೆ ಇದು ಗೊತ್ತಿರಬೇಕು: ಉಪ್ಪು ಬೆರೆತರೆ ನೀರಿನ ಹೆಪ್ಪುಗಟ್ಟುವ ಬಿಂದು ಕೆಳಗಿಳಿಯುತ್ತದೆ, ಸರಿಯಾದ ಪ್ರಮಾಣದಲ್ಲಿ ಬೆರೆತರೆ ಮೈನಸ್ 21ರವರೆಗೂ. ಆದರೆ ಮಳೆ ಬಂದರೆ ದ್ರಾವಣ ತೆಳುವಾಗುತ್ತದೆ, ಕೊಚ್ಚಿಯೂ ಹೋಗುತ್ತದೆ. ರಸ್ತೆಯ ಮೇಲೆ ಸುಮಾರು ಮೈನಸ್ 10ರ ಕೆಳಗೆ ಸಾದಾ ಉಪ್ಪು ಹೆಚ್ಚು ಕೆಲಸವನ್ನೂ ಮಾಡುವುದಿಲ್ಲ. ಉಪ್ಪು ಹಾಕಿದ್ದಾರೆ ಅಂತ ಹಳೇ ವೇಗದಲ್ಲೇ ಹೋಗಬಾರದು.

ಈಗ ಡಿಕ್ಕಿ. ಇಲ್ಲಿ ನಮಗೆ ನಿಜವಾಗಿ ಆಶ್ಚರ್ಯ ಆಯಿತು.

ಅಮೆರಿಕದಲ್ಲಿ ತುಂಬಿದ ದೊಡ್ಡ ಟ್ರಕ್ಕಿನ ತೂಕ ಸಾಮಾನ್ಯ ಮಿತಿಯ ಪ್ರಕಾರ 80,000 ಪೌಂಡ್, ಸುಮಾರು 36,000 ಕೆ.ಜಿ. ಅಕ್ಕನ ಕಾರು 1,500 ಕೆ.ಜಿ. ಅಂದುಕೊಳ್ಳೋಣ. ಒಂದಕ್ಕೆ ಇಪ್ಪತ್ತನಾಲ್ಕು. ಗುದ್ದಿದ ಕ್ಷಣ ಎರಡೂ ಅಂಟಿಕೊಂಡು ಒಂದೇ ವೇಗದಲ್ಲಿ ಹೋಗುತ್ತವೆ ಅಂತಿಟ್ಟುಕೊಂಡರೆ ಮೊಮೆಂಟಮ್ ಲೆಕ್ಕ ಎರಡು ಸಾಲಿನದು. ಟ್ರಕ್ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, ಅಂದರೆ 72 ಕಿ.ಮೀ.ನಲ್ಲಿ ಬಂತು. ಕಾರು ಪೂರ್ತಿ ನಿಂತಿದ್ದರೆ, ಡಿಕ್ಕಿಯ ನಂತರ ಎರಡರ ವೇಗ 19.2 ಮೀಟರ್. ಟ್ರಕ್ ಕಳೆದುಕೊಂಡದ್ದು 0.8. ಕಾರು ಪಡೆದದ್ದು 19.2, ಅಂದರೆ ಸೊನ್ನೆಯಿಂದ 69 ಕಿ.ಮೀ.ಗೆ ಸೆಕೆಂಡಿನ ಹತ್ತರಲ್ಲಿ ಒಂದೆರಡು ಭಾಗದಲ್ಲಿ.

ಕಾರು ನಿಂತಿರಲಿಲ್ಲ. ಸೆಕೆಂಡಿಗೆ 12 ಮೀಟರ್, ಗಂಟೆಗೆ 43 ಕಿ.ಮೀ. ವೇಗದಲ್ಲಿ ಅದೇ ದಿಕ್ಕಿಗೆ ಹೋಗುತ್ತಿತ್ತು ಅಂದುಕೊಳ್ಳಿ. ಆಗ ಒಟ್ಟು ವೇಗ 19.7 ಆಗುತ್ತದೆ. ಕೊನೆಯ ವೇಗ ಹೆಚ್ಚುಕಡಿಮೆ ಅದೇ. ಆದರೆ ಕಾರಿನ ವೇಗದಲ್ಲಾದ ಬದಲಾವಣೆ 7.7 ಮೀಟರ್ ಮಾತ್ರ, 28 ಕಿ.ಮೀ. ಒಳಗೆ ಕೂತವರ ದೇಹಕ್ಕೆ ಎಷ್ಟು ಪೆಟ್ಟು ಅನ್ನೋದನ್ನು ಬಹುಮಟ್ಟಿಗೆ ನಿರ್ಧರಿಸೋದು ಈ ಬದಲಾವಣೆ, ಟ್ರಕ್ಕಿನ ಗಾತ್ರ ನೇರವಾಗಿ ಅಲ್ಲ. ಸೆಕೆಂಡಿನ 0.15 ಭಾಗದಲ್ಲಿ ಇದು ನಡೆಯಿತು ಅಂದರೆ ನಿಂತ ಕಾರಿಗೆ ಸರಾಸರಿ 13 ಜಿ, ಅಕ್ಕನ ಕಾರಿಗೆ 5 ಜಿ. ಮೊದಲನೆಯದರಲ್ಲಿ ಸೀಟೇ ಮುರಿದು ಹಿಂದಕ್ಕೆ ಮಲಗಬಹುದು. ರೂಮ್‌ಮೇಟ್ ಈ ಎರಡು ಸಂಖ್ಯೆಗಳ ಸುತ್ತ ಪೆನ್ನಿನಲ್ಲಿ ನಾಲ್ಕೈದು ಸಲ ಗೆರೆ ಎಳೆದ. ಹಾಳೆ ಹರಿದುಹೋಗುವ ಹಾಗೆ.

ಹಾಗಾದರೆ ಈ ಲೆಕ್ಕದಲ್ಲಿ ಐಸ್ ಎಲ್ಲಿ? ಅದೇ ತಮಾಷೆ. ಎಲ್ಲೂ ಇಲ್ಲ. ಒಣ ರಸ್ತೆಯಲ್ಲಿ ಪೂರ್ತಿ ಬ್ರೇಕ್ ಒತ್ತಿ ಹಿಡಿದಿದ್ದರೂ ಆ 0.15 ಸೆಕೆಂಡಿನಲ್ಲಿ ಘರ್ಷಣೆ ತಡೆಯಬಲ್ಲದ್ದು ಸೆಕೆಂಡಿಗೆ ಒಂದು ಮೀಟರ್‌ನಷ್ಟು ವೇಗವನ್ನು ಮಾತ್ರ. ಡಿಕ್ಕಿಯ ಬಲದ ಮುಂದೆ ರಸ್ತೆಯ ಬಲ ಲೆಕ್ಕಕ್ಕೇ ಇಲ್ಲ. ಐಸಿನ ಮೇಲೆ ಗುದ್ದಿದರೂ ಡಾಂಬರಿನ ಮೇಲೆ ಗುದ್ದಿದರೂ ಆ ಒಂದು ಕ್ಷಣ ಒಂದೇ ಥರ. ಐಸ್ ಕೆಡಿಸುವುದು ಅದರ ಹಿಂದಿನ ಹತ್ತು ಸೆಕೆಂಡನ್ನು ಮತ್ತು ಮುಂದಿನ ಹತ್ತು ನಿಮಿಷವನ್ನು. 19.7 ಮೀಟರ್ ವೇಗದಲ್ಲಿ ತಳ್ಳಿಸಿಕೊಂಡ ಕಾರು ಒಣ ರಸ್ತೆಯಲ್ಲಿ ಬ್ರೇಕ್ ಹಾಕಿದರೆ 30 ಮೀಟರ್ ಒಳಗೆ ನಿಲ್ಲುತ್ತದೆ. ಐಸ್ ಮೇಲೆ ಸುಮಾರು 200 ಮೀಟರ್ ಜಾರುತ್ತದೆ. ಆ ದಾರಿಯಲ್ಲಿ ಇನ್ನೊಂದು ಟ್ರಕ್ ನಿಂತಿದ್ದರೆ ಎರಡನೇ ಡಿಕ್ಕಿ, ಈ ಸಲ ಮುಂದಿನಿಂದ. ಎರಡು ಟ್ರಕ್ಕಿನ ನಡುವೆ ಸಿಕ್ಕಿಕೊಂಡರೆ ಮೇಲಿನ ಯಾವ ಲೆಕ್ಕವೂ ಕೆಲಸಕ್ಕೆ ಬರುವುದಿಲ್ಲ.

ಅದಕ್ಕೇ ಅಕ್ಕ ಮಾಡಿದ ಎರಡು ಕೆಲಸಗಳು ನಮಗೆ ಮುಖ್ಯ ಅನ್ನಿಸಿದವು. ಒಂದು, ಮುಂದಿನ ಸಾಲಿಗೆ ತುಂಬ ಹತ್ತಿರ ಹೋಗುವ ತನಕ ಕಾಯದೆ ದೂರದಿಂದಲೇ ನಿಧಾನ ಮಾಡಿದ್ದು. ಹಿಂದಿನವರಿಗೂ ಅದರಿಂದ ಸಮಯ ಸಿಕ್ಕಿತು, ಮುಂದೆ ಖಾಲಿ ಜಾಗವೂ ಉಳಿಯಿತು. ಅಲ್ಲಿ ಡ್ರೈವಿಂಗ್ ಕಲಿಸುವವರು ಐಸ್ ಇದ್ದರೆ ಮುಂದಿನ ಗಾಡಿಗೂ ನಮಗೂ ಎಂಟು ಹತ್ತು ಸೆಕೆಂಡ್ ಅಂತರ ಇರಲಿ ಅನ್ನುತ್ತಾರಂತೆ. ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಅಷ್ಟು ಅಂತರ ಬಿಟ್ಟರೆ ನಡುವೆ ನಾಲ್ಕು ಆಟೊ, ಒಂದು ಬಿ.ಎಂ.ಟಿ.ಸಿ. ಬಸ್ಸು ಬಂದು ಕೂರುತ್ತವೆ. ಆ ಅಭ್ಯಾಸವನ್ನು ಏರ್‌ಪೋರ್ಟಿನಲ್ಲೇ ಬಿಟ್ಟು ಹೋಗಬೇಕು.

ಎರಡನೆಯದು, ಬ್ರೇಕ್ ಬಿಟ್ಟು ಸ್ಟೀರಿಂಗ್ ತಿರುಗಿಸಿದ್ದು. ಟೈರಿಗೆ ರಸ್ತೆ ಕೊಡುವ ಹಿಡಿತ ಒಂದು ಪಾಕೆಟ್ ಮನಿ ಇದ್ದ ಹಾಗೆ. ನಿಲ್ಲೋದಕ್ಕೂ ತಿರುಗೋದಕ್ಕೂ ಅದರಲ್ಲೇ ಖರ್ಚು ಮಾಡಬೇಕು. ಐಸ್ ಮೇಲೆ ಅದು ತಿಂಗಳ ಕೊನೆಯ ಪಾಕೆಟ್ ಮನಿ. ಎಲ್ಲವನ್ನೂ ಬ್ರೇಕಿಗೆ ಸುರಿದರೆ ತಿರುಗಲು ಏನೂ ಉಳಿಯುವುದಿಲ್ಲ, ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಎ.ಬಿ.ಎಸ್. ಮಾಡುವುದು ಚಕ್ರ ಪೂರ್ತಿ ನಿಲ್ಲದಂತೆ ನೋಡಿಕೊಂಡು ತಿರುಗಲು ಒಂದಿಷ್ಟು ಉಳಿಸುವುದನ್ನು. ಐಸ್ ಮೇಲೆ ನಿಲ್ಲುವ ದೂರವನ್ನು ಅದು ಕಡಿಮೆ ಮಾಡಿಬಿಡುತ್ತದೆ ಅನ್ನೋದು ತಪ್ಪು ಕಲ್ಪನೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಇದ್ದರೂ ಅಷ್ಟೆ. ಹೊರಡಲು ಸಹಾಯ, ನಿಲ್ಲಲು ಏನೂ ಇಲ್ಲ, ಬ್ರೇಕ್ ಎಲ್ಲ ಕಾರಿಗೂ ನಾಲ್ಕೇ ಚಕ್ರಕ್ಕೆ. ಚಳಿಗಾಲದ ಟೈರ್ ಮಾತ್ರ ನಿಜವಾಗಿ ವ್ಯತ್ಯಾಸ ಮಾಡುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಮಾಮೂಲಿ ಟೈರಿನ ರಬ್ಬರ್ ಗಟ್ಟಿಯಾಗುತ್ತದೆ, ಅದು ಮೆತ್ತಗೇ ಇರುತ್ತದೆ. ಅಕ್ಕ ಮೊದಲ ವರ್ಷ ದುಡ್ಡು ಉಳಿಸಲು ಹಾಕಿಸಿರಲಿಲ್ಲ, ಎರಡನೇ ವರ್ಷ ಹಾಕಿಸಿದ್ದರು.

ಇನ್ನು ತಲೆಯನ್ನು ಹೆಡ್‌ರೆಸ್ಟಿಗೆ ಒತ್ತಿ ಕೂತದ್ದು. ಮುಂದಿನಿಂದ ಗುದ್ದಿದರೆ ಸೀಟ್ ಬೆಲ್ಟು, ಏರ್‌ಬ್ಯಾಗು ಇವೆ. ಹಿಂದಿನಿಂದ ಗುದ್ದಿದಾಗ ಮುಂದಿನ ಏರ್‌ಬ್ಯಾಗ್ ಸಾಮಾನ್ಯವಾಗಿ ಬಿಚ್ಚಿಕೊಳ್ಳುವುದೇ ಇಲ್ಲ. ಆಗ ಕಾಪಾಡುವುದು ಸೀಟಿನ ಬೆನ್ನು. ಕಾರು ದಿಢೀರ್ ಮುಂದಕ್ಕೆ ಹೋಗುತ್ತದೆ, ಸೀಟು ನಮ್ಮ ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಮಾತ್ರ ನ್ಯೂಟನ್ ಮಾತು ಕೇಳಿಕೊಂಡು ಇದ್ದಲ್ಲೇ ಇರುತ್ತದೆ. ನಡುವೆ ಸಿಕ್ಕಿಬೀಳುವುದು ಕುತ್ತಿಗೆ. ತಲೆಯ ಹಿಂದೆ ತಕ್ಷಣ ಆಸರೆ ಇದ್ದರೆ ತಲೆಯೂ ಬೆನ್ನೂ ಒಟ್ಟಿಗೆ ಮುಂದೆ ಹೋಗುತ್ತವೆ. ಆಸರೆ ಒಂದು ಗೇಣು ಹಿಂದೆ ಇದ್ದರೆ ತಲೆ ಅಷ್ಟು ದೂರ ಹಿಂದಕ್ಕೆ ಬಾಗಿ ಆಮೇಲೆ ಬಡಿಯುತ್ತದೆ. ತೀರಾ ಕೆಳಗಿದ್ದರೆ ಅದರ ಮೇಲೆಯೇ ಕುತ್ತಿಗೆ ಮಡಚಿಕೊಳ್ಳುತ್ತದೆ, ಇಲ್ಲದಿರುವುದಕ್ಕಿಂತ ಅದೇನೂ ದೊಡ್ಡ ಉಪಕಾರ ಅಲ್ಲ. ಅಮೆರಿಕದಲ್ಲಿ ಕಾರಿನ ಮುಂದಿನ ಸೀಟುಗಳಿಗೆ ಇದು 1969ರಿಂದ ಕಡ್ಡಾಯ. ಹೆಡ್‌ರೆಸ್ಟ್ ಅನ್ನುವ ಹೆಸರಿನಿಂದಲೇ ಎಲ್ಲ ಹಾಳಾಗಿದೆ ಅನ್ನಿಸುತ್ತದೆ, ನಿದ್ದೆ ಮಾಡಲು ಇಟ್ಟ ದಿಂಬು ಅಂದುಕೊಂಡಿದ್ದೇವೆ. ಅದರ ತುದಿ ನಮ್ಮ ನೆತ್ತಿಯ ಮಟ್ಟಕ್ಕೆ ಬರಬೇಕು, ತಲೆಗೂ ಅದಕ್ಕೂ ನಡುವೆ ನಾಲ್ಕು ಬೆರಳಿಗಿಂತ ಹೆಚ್ಚು ಜಾಗ ಇರಬಾರದು. ಸೀಟನ್ನು ಈಜಿ ಚೇರಿನ ಹಾಗೆ ಹಿಂದಕ್ಕೆ ಒರಗಿಸಿಕೊಂಡು ಓಡಿಸುವ ಸ್ಟೈಲಿನಲ್ಲಿ ಈ ಅಂತರ ತಾನಾಗಿಯೇ ಜಾಸ್ತಿಯಾಗುತ್ತದೆ. ಬೆಲ್ಟ್ ಇಲ್ಲದಿದ್ದರೆ ದೇಹ ಸೀಟಿನ ಬೆನ್ನಿನ ಮೇಲೆ ಜಾರುಬಂಡೆಯಲ್ಲಿ ಹತ್ತಿದಂತೆ ಮೇಲಕ್ಕೆ ಹೋಗುತ್ತದೆ, ಆಗ ಹೆಡ್‌ರೆಸ್ಟ್ ಇದ್ದೂ ಪ್ರಯೋಜನ ಇಲ್ಲ.

ಕಾರಿನ ಮುಂಭಾಗದಲ್ಲಿ ಮಡಚಿಕೊಂಡು ಪೆಟ್ಟು ನುಂಗಲು ಒಂದು ಮೀಟರ್ ಹತ್ತಿರ ಜಾಗ ಇರುತ್ತದೆ. ಹಿಂಭಾಗದಲ್ಲಿ ಅಷ್ಟಿಲ್ಲ. ಟ್ರಕ್ಕಿನ ಬಂಪರ್ ಎತ್ತರದಲ್ಲಿ ಇರುವುದರಿಂದ ಕಾರಿನ ಬಂಪರನ್ನು ಬಿಟ್ಟು ಅದರ ಮೇಲಿಂದ ಒಳಗೆ ಬರುತ್ತದೆ. ವಾರದಲ್ಲಿ ಎರಡು ದಿನ ಅಕ್ಕ ತಮ್ಮ ಸಹೋದ್ಯೋಗಿಯನ್ನೂ ಅವರ ಮಗುವನ್ನೂ ಕರೆದುಕೊಂಡು ಹೋಗುತ್ತಾರಂತೆ. ಮಗುವಿನ ಸೀಟು ಹಿಂದೆ. ಅವತ್ತು ಆ ಎರಡು ದಿನಗಳಲ್ಲಿ ಒಂದಾಗಿರಲಿಲ್ಲ. ಇದಕ್ಕೆ ನಮ್ಮ ಹತ್ತಿರ ಯಾವ ಲೆಕ್ಕವೂ ಇಲ್ಲ.

ಕಾರು ಹಿಮದಲ್ಲಿ ನಿಂತ ಮೇಲೆ ಅಕ್ಕನಿಗೆ ಮೊದಲು ಅನ್ನಿಸಿದ್ದು ಬಾಗಿಲು ತೆಗೆದು ಓಡಬೇಕು ಅಂತ. ಬೆಲ್ಟಿಗೆ ಕೈ ಹಾಕಿದ್ದರಂತೆ. ಅಷ್ಟರಲ್ಲಿ ಹಿಂದೆ ಇನ್ನೊಂದು ಸದ್ದು, ಒಂದು ಪಿಕಪ್ ಗಾಡಿ ಬಂದು ಟ್ರಕ್ಕಿನ ಹಿಂಬದಿಗೆ ಗುದ್ದಿತ್ತು. ಕೈ ತೆಗೆದರು. ಇಳಿಯಬೇಕೋ ಕೂರಬೇಕೋ ಅನ್ನೋದು ಕಷ್ಟದ ಪ್ರಶ್ನೆ, ಒಂದೇ ಉತ್ತರ ಇಲ್ಲ. ಬೆಂಕಿ, ಹೊಗೆ, ಪೆಟ್ರೋಲ್ ವಾಸನೆ ಇದ್ದರೆ ಇಳಿಯಲೇಬೇಕು. ರಸ್ತೆಯಿಂದ ಪೂರ್ತಿ ದೂರ, ತಡೆಗೋಡೆಯ ಆಚೆ ಹೋಗುವ ದಾರಿ ಖಂಡಿತ ಇದ್ದರೆ, ಬರುತ್ತಿರುವ ಗಾಡಿ ಯಾವುದೂ ಇಲ್ಲದಿದ್ದರೆ ಇಳಿದು ಹೋಗಬಹುದು. ಇಲ್ಲಾಂದ್ರೆ ಬೆಲ್ಟ್ ಹಾಕಿಕೊಂಡು, ಹಜಾರ್ಡ್ ಲೈಟ್ ಹಾಕಿ, ಒಳಗೆ ಕೂತು ಫೋನ್ ಮಾಡಬೇಕು. ಐಸ್ ಮೇಲೆ ನಿಂತ ಮನುಷ್ಯನ ಕಾಲಿಗೂ ಅದೇ 0.1, ಪಕ್ಕಕ್ಕೆ ಹಾರಲು ಆಗುವುದಿಲ್ಲ. ಎರಡು ಗಾಡಿಗಳ ನಡುವೆ ನಿಂತು ಡ್ಯಾಮೇಜ್ ಫೋಟೊ ತೆಗೆಯುವುದಂತೂ ಬೇಡವೇ ಬೇಡ. ಹಿಮದೊಳಗೆ ಸಿಕ್ಕಿಕೊಂಡ ಕಾರಿನಲ್ಲಿ ಹೀಟರಿಗಾಗಿ ಎಂಜಿನ್ ಓಡಿಸುವುದಾದರೆ ಸೈಲೆನ್ಸರ್ ಪೈಪ್ ಹಿಮದಲ್ಲಿ ಹೂತಿಲ್ಲ ಅಂತ ಗೊತ್ತಿರಬೇಕು, ಇಲ್ಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಅಕ್ಕನ ಕಾರಿನ ಹಿಂಭಾಗ ಇದ್ದ ಸ್ಥಿತಿಗೆ ಎಂಜಿನ್ ಆಫ್ ಮಾಡಿ ಕೋಟ್ ಹೊದ್ದು ಕೂತದ್ದೇ ಸರಿ.

ಇದರ ಉಲ್ಟಾ ಕೇಸೂ ಇದೆ: ನಾವೇ ಜಾರಿ ಹೋಗಿ ನಿಂತ ಟ್ರಕ್ಕಿನ ಹಿಂಬದಿಗೆ ಗುದ್ದುವುದು. ನಮ್ಮ ಅಭಿಪ್ರಾಯದಲ್ಲಿ ಇದು ಇನ್ನೂ ಭಯಂಕರ. ಟ್ರೇಲರಿನ ತಳ ಕಾರಿನ ಬಾನೆಟ್‌ಗಿಂತ ಎತ್ತರ. ಕಾರಿನ ಮೂತಿ ಅದರ ಕೆಳಗೆ ತೂರುತ್ತದೆ, ಪೆಟ್ಟು ನುಂಗಲು ಇಟ್ಟ ಭಾಗಕ್ಕೆ ಏನೂ ತಗಲುವುದೇ ಇಲ್ಲ, ಟ್ರಕ್ಕಿನ ಅಂಚು ನೇರ ಮುಂದಿನ ಗಾಜಿಗೆ ಬರುತ್ತದೆ. 1967ರ ಜೂನ್ 29ರಂದು ಹಾಲಿವುಡ್ ನಟಿ ಜೇನ್ ಮ್ಯಾನ್ಸ್‌ಫೀಲ್ಡ್ ಸತ್ತದ್ದು ಹೀಗೆ, ನ್ಯೂ ಆರ್ಲಿಯನ್ಸ್ ಹತ್ತಿರ. ಅಲ್ಲಿ ಐಸ್ ಇರಲಿಲ್ಲ, ಸೊಳ್ಳೆಗೆ ಹೊಡೆಯುವ ಹೊಗೆ ಇತ್ತು. ಮುಂದೆ ಕೂತಿದ್ದ ಮೂವರೂ ಸತ್ತರು, ಹಿಂದಿನ ಸೀಟಿನಲ್ಲಿದ್ದ ಮೂರು ಮಕ್ಕಳು ಉಳಿದರು. ಟ್ರೇಲರಿನ ಹಿಂದೆ ಕೆಳಗೆ ಇಳಿಬಿಟ್ಟ ಅಡ್ಡ ಕಬ್ಬಿಣಕ್ಕೆ ಅಮೆರಿಕದಲ್ಲಿ ಇವತ್ತಿಗೂ ಮ್ಯಾನ್ಸ್‌ಫೀಲ್ಡ್ ಬಾರ್ ಅನ್ನುತ್ತಾರೆ. ಅದು ನೆಲದಿಂದ 56 ಸೆಂಟಿಮೀಟರಿಗಿಂತ ಮೇಲಿರಬಾರದು ಅನ್ನೋ ನಿಯಮ ಹೊಸ ಟ್ರೇಲರ್‌ಗಳಿಗೆ ಬಂದದ್ದು ಮಾತ್ರ 1998ರಲ್ಲಿ. ಗಂಟೆಗೆ 56 ಕಿ.ಮೀ. ವೇಗದ ಕಾರಿನ ಪೆಟ್ಟು ತಡೆಯುವಷ್ಟು ಗಟ್ಟಿ ಇರಬೇಕು ಅಂತ ಬಿಗಿ ಮಾಡಿದ್ದು 2022ರಲ್ಲಿ. ಐವತ್ತೈದು ವರ್ಷ! ಇಂಜಿನಿಯರ್‌ಗಳಿಗೆ ಉತ್ತರ ಗೊತ್ತಿದ್ದರೂ ನಿಯಮ ಆಗಲು ಇಷ್ಟು ಹೊತ್ತು ಬೇಕಾ ಅಂತ ನಮ್ಮಲ್ಲೇ ಜಗಳ ಆಯಿತು.

ನಮ್ಮ ಕಡೆ ಲಾರಿಗಳಿಗೂ ಇಂಥ ಗಾರ್ಡ್‌ಗೆ ಭಾರತೀಯ ಮಾನಕ ಇದೆ, ಐ.ಎಸ್. 14812. ರಸ್ತೆಯಲ್ಲಿ ಓಡಾಡುವ ಲಾರಿಗಳ ಹಿಂದೆ ಹೋಗುವಾಗ ಒಮ್ಮೆ ಬಗ್ಗಿ ನೋಡಿ, ಕೆಲವದರಲ್ಲಿ ಅದು ಬಾಗಿ ಮೇಲಕ್ಕೆ ಹೋಗಿರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ತುಮಕೂರು ರಸ್ತೆಯಲ್ಲಿ ಐಸ್ ಬೀಳುವುದಿಲ್ಲ. ಆದರೆ ರಾತ್ರಿ ಕೆಟ್ಟು ನಿಂತ ಲಾರಿ, ಹಿಂದಿನ ದೀಪ ಇಲ್ಲ, ಎಚ್ಚರಿಕೆಗೆ ಅಂತ ನಾಲ್ಕು ಕಲ್ಲು, ಒಂದು ಸೊಪ್ಪಿನ ಕೊಂಬೆ, ಇದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ?

ನಮ್ಮ ಲೆಕ್ಕದ ಹಾಳೆಗಳ ಫೋಟೊವನ್ನು ರೂಮ್‌ಮೇಟ್ ಅಕ್ಕನಿಗೆ ಕಳಿಸಿದ. ಅವತ್ತು ಏನೂ ನೋವಿಲ್ಲ ಅಂದಿದ್ದವರಿಗೆ ಮಾರನೇ ದಿನ ಬೆಳಿಗ್ಗೆ ಕುತ್ತಿಗೆ ತಿರುಗಿಸಲು ಆಗಿರಲಿಲ್ಲ. ಇಂಥ ಡಿಕ್ಕಿಯಲ್ಲಿ ನೋವು ತಡವಾಗಿ ಬರುವುದು ಮಾಮೂಲಿ, ಅದಕ್ಕೇ ಆರಾಮಿದೀನಿ ಅನ್ನಿಸಿದರೂ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ವಿಡಿಯೊ ಕಾಲ್ ಮಾಡುವಂತಿಲ್ಲವಲ್ಲ, ಒಂದು ವಾರ ಅಮ್ಮನ ಜೊತೆ ಬರೀ ವಾಯ್ಸ್ ಕಾಲ್. ಕ್ಯಾಮೆರಾ ಕೆಟ್ಟಿದೆ ಅನ್ನೋ ನೆಪ. ಎಂಟನೇ ದಿನಕ್ಕೆ ಅಮ್ಮ ಎಲ್ಲವನ್ನೂ ಬಾಯಿ ಬಿಡಿಸಿದರು. ಬೈದರು, ಅತ್ತರು. ಆಮೇಲೆ, "ಆ ಲಾರಿಯವರಿಗೆ ಏನಾಯ್ತು?" ಅಂತ ಕೇಳಿದರಂತೆ.

ನಾವು ಮೂವರೂ ಅದನ್ನು ಕೇಳಿರಲೇ ಇಲ್ಲ. ಹಾಳೆಯಲ್ಲಿ ಉತ್ತರ ಇತ್ತು: ಟ್ರಕ್ಕಿನ ವೇಗದಲ್ಲಾದ ಬದಲಾವಣೆ ಸೆಕೆಂಡಿಗೆ 0.3 ಮೀಟರ್, ಗಂಟೆಗೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಡಿಕ್ಕಿ ಆಗಿದ್ದು ಅವರ ಮೈಗೆ ಗೊತ್ತೂ ಆಗಿರಲಿಕ್ಕಿಲ್ಲ, ಕಣ್ಣಿಗೆ ಮಾತ್ರ. ಟ್ರಕ್ ನಿಂತ ಮೇಲೆ ಅವರು ಇಳಿದು, ಜಾರುತ್ತಾ, ರಸ್ತೆಯ ಅಂಚು ಹಿಡಿದು ಅಕ್ಕನ ಕಾರಿನ ಹತ್ತಿರ ಬಂದಿದ್ದರು. ಇಳಿದಿದ್ದೇ ತಪ್ಪು ಅಂತ ನಾವು ಇಲ್ಲಿ ಕೂತು ಹೇಳಬಹುದು. ಅರವತ್ತರ ಹತ್ತಿರದ ಮನುಷ್ಯ ಅಂತೆ. ಗಾಜು ತಟ್ಟಿ, ಕೈ ನಡುಗುತ್ತಿದ್ದರಿಂದ ಇನ್ನೊಂದು ಸಲ ತಟ್ಟಿ, ಅಕ್ಕ ಹೆಬ್ಬೆರಳು ಎತ್ತಿ ತೋರಿಸುವವರೆಗೂ ಅಲ್ಲೇ ನಿಂತಿದ್ದರಂತೆ.